ವಿಂಡೋಸ್ 10ರಿಂದ 11ಕ್ಕೆ: ಹೋಗಬೇಕೇ, ಇರಬೇಕೇ, ಬೇರೆ ದಾರಿ ಹಿಡಿಯಬೇಕೇ?

2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ ನಿಂತಿತು. 2015ರ ಜುಲೈನಲ್ಲಿ ಬಂದ ಈ ಆಪರೇಟಿಂಗ್ ಸಿಸ್ಟಮ್ ಹತ್ತು ವರ್ಷ ನಮ್ಮ ಮನೆ, ಅಂಗಡಿ, ಶಾಲೆ, ಕಚೇರಿಗಳಲ್ಲಿ ದುಡಿದಿದೆ. ಬೆಂಬಲ ನಿಂತ ಮರುದಿನವೂ ಅದೇ ಕಂಪ್ಯೂಟರ್ ಎಂದಿನಂತೆ ಆನ್ ಆಯಿತು, ಪ್ರಿಂಟ್ ತೆಗೆಯಿತು. ಗೊಂದಲ ಹುಟ್ಟಿದ್ದು ಇಲ್ಲಿಯೇ. ಏನೂ ಕೆಟ್ಟಿಲ್ಲದಿರುವಾಗ ಬದಲಾಯಿಸುವುದೇಕೆ ಎಂದು ಕೆಲವರು ಸುಮ್ಮನಿದ್ದಾರೆ. ಇನ್ನು ಕೆಲವರು ಯಾರೋ ಹೆದರಿಸಿದರೆಂದು ಚೆನ್ನಾಗಿ ನಡೆಯುತ್ತಿದ್ದ ಯಂತ್ರವನ್ನು ಗುಜರಿಗೆ ಹಾಕಿ ಹೊಸದನ್ನು ತಂದಿದ್ದಾರೆ. ಎರಡೂ ಕಡೆ ನಷ್ಟವಿದೆ.

ಈ ತೀರ್ಮಾನವನ್ನು ವಿಂಡೋಸ್‌ನ ಹೊಸ ಸೌಲಭ್ಯಗಳ ಪಟ್ಟಿಯಿಂದ ಆರಂಭಿಸಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಆ ಕಂಪ್ಯೂಟರ್‌ನಲ್ಲಿ ದಿನಾ ನಡೆಯುವ ಕೆಲಸ ಯಾವುದು ಎಂಬುದರಿಂದ ಆರಂಭಿಸಿ, ಆಮೇಲೆ ಯಂತ್ರದ ಶಕ್ತಿ ನೋಡಿ, ಕೊನೆಗೆ ವಿಂಡೋಸ್‌ಗೆ ಬರಬೇಕು. ಕನ್ನಡದಲ್ಲಿ ಕೆಲಸ ಮಾಡುವವರಿಗಂತೂ ಈ ಕ್ರಮ ಬಹಳ ಮುಖ್ಯ. ಏಕೆ ಎಂಬುದು ಮುಂದೆ ತಿಳಿಯುತ್ತದೆ.

ಬೆಂಬಲ ನಿಂತರೆ ಆಗುವುದೇನು

ಪ್ರತಿ ತಿಂಗಳ ಎರಡನೇ ಮಂಗಳವಾರ ಮೈಕ್ರೋಸಾಫ್ಟ್ ಭದ್ರತಾ ಅಪ್‌ಡೇಟ್‌ಗಳನ್ನು ಬಿಡುಗಡೆ ಮಾಡುತ್ತದೆ. ಆಪರೇಟಿಂಗ್ ಸಿಸ್ಟಮ್‌ನೊಳಗೆ ಪತ್ತೆಯಾದ ಬಿರುಕುಗಳನ್ನು ಮುಚ್ಚುವ ಕೆಲಸ ಅದು. ವಿಂಡೋಸ್ 10 ಮತ್ತು 11ರ ಒಳಭಾಗ ಬಹುಮಟ್ಟಿಗೆ ಒಂದೇ ಆದ್ದರಿಂದ, 11ರಲ್ಲಿ ಮುಚ್ಚಿದ ಬಿರುಕು 10ರಲ್ಲಿಯೂ ಇರುವ ಸಾಧ್ಯತೆ ಹೆಚ್ಚು. ಹೊಸ ಅಪ್‌ಡೇಟ್ ಏನನ್ನು ಸರಿಪಡಿಸಿದೆ ಎಂದು ಬಿಡಿಸಿ ನೋಡಿದ ಕಳ್ಳರಿಗೆ, ಅಪ್‌ಡೇಟ್ ಸಿಗದ ಹಳೆಯ ಯಂತ್ರದಲ್ಲಿ ಎಲ್ಲಿ ಕೈ ಹಾಕಬೇಕೆಂಬುದು ತಾನಾಗಿಯೇ ಗೊತ್ತಾಗುತ್ತದೆ.

2017ರ ಮೇ ತಿಂಗಳಲ್ಲಿ ವಾನಾಕ್ರೈ ಎಂಬ ಕುತಂತ್ರಾಂಶ ಜಗತ್ತಿನ ಲಕ್ಷಾಂತರ ಕಂಪ್ಯೂಟರ್‌ಗಳ ಕಡತಗಳಿಗೆ ಬೀಗ ಹಾಕಿ ಹಣ ಕೇಳಿತು. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳು ರೋಗಿಗಳ ಭೇಟಿ, ಶಸ್ತ್ರಚಿಕಿತ್ಸೆಗಳನ್ನು ಮುಂದೂಡಬೇಕಾಯಿತು. ಅದು ಬಳಸಿಕೊಂಡ ಬಿರುಕಿಗೆ ಮೈಕ್ರೋಸಾಫ್ಟ್ ಅದೇ ವರ್ಷದ ಮಾರ್ಚ್‌ನಲ್ಲಿಯೇ ಅಪ್‌ಡೇಟ್ ಕೊಟ್ಟಿತ್ತು. ಅದನ್ನು ಹಾಕಿಕೊಳ್ಳದ ಯಂತ್ರಗಳು ಸಿಕ್ಕಿಬಿದ್ದವು.

ಆಂಟಿವೈರಸ್ ಇದೆಯಲ್ಲ ಎನ್ನುವವರಿಗೆ ಒಂದು ಮಾತು. ವಿಂಡೋಸ್ 10ರ ಡಿಫೆಂಡರ್‌ಗೆ ಹೊಸ ವೈರಸ್‌ಗಳನ್ನು ಗುರುತಿಸುವ ಮಾಹಿತಿ 2028ರ ಅಕ್ಟೋಬರ್‌ವರೆಗೆ ಬರುತ್ತದೆ ಎಂದು ಮೈಕ್ರೋಸಾಫ್ಟ್ ಹೇಳಿದೆ. ಅದು ಒಳ್ಳೆಯದೇ. ಆದರೆ ಆಂಟಿವೈರಸ್ ಬಂದ ಕೇಡನ್ನು ಹಿಡಿಯಲು ಪ್ರಯತ್ನಿಸುತ್ತದೆಯೇ ಹೊರತು ಆಪರೇಟಿಂಗ್ ಸಿಸ್ಟಮ್‌ನ ಬಿರುಕನ್ನು ಮುಚ್ಚುವುದಿಲ್ಲ.

ಮೊದಲ ಹೆಜ್ಜೆ: ಕೆಲಸಗಳ ಪಟ್ಟಿ

ಒಂದು ಕಾಗದ ತೆಗೆದುಕೊಂಡು ಆ ಕಂಪ್ಯೂಟರ್‌ನಲ್ಲಿ ನಡೆಯುವ ಎಲ್ಲ ಕೆಲಸಗಳನ್ನೂ ಬರೆಯಿರಿ. ಬ್ಯಾಂಕ್ ವ್ಯವಹಾರ, ಮಕ್ಕಳ ಪಾಠ, ಟ್ಯಾಲಿ ಲೆಕ್ಕ, ಜಿಎಸ್‌ಟಿ ವಿವರ ಸಲ್ಲಿಕೆ, ಪತ್ರ ಟೈಪಿಸುವುದು, ಆಮಂತ್ರಣ ಪತ್ರಿಕೆಯ ಡಿಟಿಪಿ, ಏನೇ ಇರಲಿ. ಅದರ ಪಕ್ಕದಲ್ಲಿ ಆ ಕೆಲಸಕ್ಕೆ ಬೇಕಾದ ತಂತ್ರಾಂಶ ಮತ್ತು ತಂತಿಯಲ್ಲಿ ಜೋಡಿಸುವ ಸಾಧನ ಬರೆಯಿರಿ: ಪ್ರಿಂಟರ್, ಸ್ಕ್ಯಾನರ್, ಬೆರಳಚ್ಚು ಸಾಧನ, ಡಿಜಿಟಲ್ ಸಹಿಯ ಟೋಕನ್, ತಂತ್ರಾಂಶ ತೆರೆಯಲು ಚುಚ್ಚಬೇಕಾದ ಡಾಂಗಲ್.

ತಂತ್ರಾಂಶಗಳಿಗಿಂತ ಸಾಧನಗಳೇ ಹೆಚ್ಚು ತೊಂದರೆ ಕೊಡುತ್ತವೆ. ವಿಂಡೋಸ್ 11 ಇರುವುದು 64 ಬಿಟ್ ರೂಪದಲ್ಲಿ ಮಾತ್ರ. ನಿಮ್ಮ ವಿಂಡೋಸ್ 10 ಇನ್ನೂ 32 ಬಿಟ್‌ನದ್ದಾಗಿದ್ದರೆ ಎರಡು ಸಂಗತಿ ನೆನಪಿಡಬೇಕು. ಅದರ ಮೇಲೆಯೇ 11 ಕೂರುವುದಿಲ್ಲ, ಹೊಸದಾಗಿಯೇ ಹಾಕಬೇಕು. ಪ್ರಿಂಟರ್‌ಗೂ 64 ಬಿಟ್‌ನ ಡ್ರೈವರ್, ಅಂದರೆ ಸಾಧನವನ್ನು ವಿಂಡೋಸ್ ಜೊತೆ ಬೆಸೆಯುವ ತಂತ್ರಾಂಶ, ಬೇಕು. 32 ಬಿಟ್‌ನ ಸಾಮಾನ್ಯ ತಂತ್ರಾಂಶಗಳು 11ರಲ್ಲಿಯೂ ನಡೆಯುತ್ತವೆ, ಆದರೆ 32 ಬಿಟ್‌ನ ಡ್ರೈವರ್ ನಡೆಯುವುದಿಲ್ಲ. ಡಾಸ್ ಕಾಲದ 16 ಬಿಟ್ ಲೆಕ್ಕದ ತಂತ್ರಾಂಶ ನಂಬಿಕೊಂಡಿರುವ ಅಂಗಡಿಗಳು ಇಂದಿಗೂ ಇವೆ. ಅಂಥವು 64 ಬಿಟ್ ವಿಂಡೋಸ್‌ನಲ್ಲಿ ತೆರೆಯುವುದೇ ಇಲ್ಲ. ಆದ್ದರಿಂದ ಪ್ರತಿಯೊಂದು ಸಾಧನದ ತಯಾರಕರ ಜಾಲತಾಣಕ್ಕೆ ಹೋಗಿ, ಆ ಮಾದರಿಗೆ ವಿಂಡೋಸ್ 11ರ ಡ್ರೈವರ್ ಇದೆಯೇ ಎಂದು ನೋಡಿ, ಪಟ್ಟಿಯಲ್ಲಿ ಗುರುತು ಹಾಕಿ.

ಕನ್ನಡದ ಕಡತಗಳು: ಇಲ್ಲಿ ಸ್ವಲ್ಪ ನಿಲ್ಲಿ

ಮೇಲಿನ ಮಾತುಗಳು ಯಾವ ಭಾಷೆಯವರಿಗಾದರೂ ಅನ್ವಯವಾಗುತ್ತವೆ. ನಮಗೆ ಇದರ ಮೇಲೆ ಇನ್ನೊಂದು ಭಾರವಿದೆ. ಎಲ್ಲ ಕಂಪ್ಯೂಟರ್‌ಗಳಿಗೂ ಸಮಾನವಾದ ಅಕ್ಷರ ಸಂಕೇತ ಪದ್ಧತಿ ಯೂನಿಕೋಡ್‌ನ ಬಳಕೆ ಕನ್ನಡದಲ್ಲಿ ರೂಢಿಯಾಗುವ ಮೊದಲು ಬರೆದ ಅಪಾರ ಕಡತಗಳು ನುಡಿ, ಬರಹ, ಶ್ರೀಲಿಪಿ ಎಂಬ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿವೆ. ಶಾಲೆಯ ಪ್ರಶ್ನೆಪತ್ರಿಕೆ, ಸಂಘದ ನಡಾವಳಿ, ತಂದೆಯವರು ಟೈಪ್ ಮಾಡಿಸಿಟ್ಟ ಕವಿತೆ, ದೇವಸ್ಥಾನದ ಲೆಕ್ಕ ಎಲ್ಲವೂ ಅದರಲ್ಲಿಯೇ ಉಳಿದಿವೆ. ಈ ಫಾಂಟ್‌ಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿ ಕೆಲಸ ಮಾಡುತ್ತಿದ್ದವು. ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ಅದೇ ಕಡತ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳ ಸಾಲು ಕಾಣುತ್ತದೆ. ಕಡತ ಹಾಳಾಯಿತೆಂದು ಅಳಿಸಿ ಹಾಕಿದವರೂ ಇದ್ದಾರೆ. ನಿಜವಾಗಿ ಅಲ್ಲಿ ಇಲ್ಲದಿರುವುದು ಫಾಂಟ್ ಮಾತ್ರ.

ಇರುವ ವಿಂಡೋಸ್ ಮೇಲೆಯೇ 11ನ್ನು ಹಾಕಿದರೆ ಫಾಂಟ್‌ಗಳು ಸಾಮಾನ್ಯವಾಗಿ ಉಳಿಯುತ್ತವೆ. ಫಾರ್ಮ್ಯಾಟ್ ಮಾಡಿ ಹೊಸದಾಗಿ ಹಾಕಿದರೆ ಎಲ್ಲವೂ ಹೋಗುತ್ತವೆ. ನಮ್ಮ ಕಡೆ ಸರ್ವಿಸ್ ಅಂಗಡಿಗಳಲ್ಲಿ ಫಾರ್ಮ್ಯಾಟ್ ಮಾಡುವುದೇ ರೂಢಿ. ಡೇಟಾ ಬ್ಯಾಕಪ್ ಎಂದರೆ ಅವರು ಡೆಸ್ಕ್‌ಟಾಪ್ ಮತ್ತು ಡಿ ಡ್ರೈವ್ ಉಳಿಸಿಕೊಡುತ್ತಾರೆ, ಫಾಂಟ್‌ಗಳ ನೆನಪು ಯಾರಿಗೂ ಬರುವುದಿಲ್ಲ. ಆದ್ದರಿಂದ ಯಂತ್ರವನ್ನು ಅಂಗಡಿಗೆ ಕೊಡುವ ಮೊದಲೇ ಕಂಟ್ರೋಲ್ ಪ್ಯಾನಲ್‌ನ ಫಾಂಟ್ಸ್ ವಿಭಾಗ ತೆರೆದು, ನುಡಿ, ಬರಹ ಮತ್ತಿತರ ಹೆಸರಿನ ಫಾಂಟ್‌ಗಳನ್ನೆಲ್ಲ ಒಂದು ಪೆನ್ ಡ್ರೈವ್‌ಗೆ ನಕಲು ಮಾಡಿಟ್ಟುಕೊಳ್ಳಿ. ಆ ತಂತ್ರಾಂಶಗಳ ಇನ್‌ಸ್ಟಾಲ್ ಕಡತ ಇದ್ದರೆ ಅದನ್ನೂ ಜೊತೆಗಿಡಿ. ಬಹಳ ಮುಖ್ಯವಾದ ಬರಹಗಳಿಗೆ ಎರಡು ಪ್ರತಿ ಇರಲಿ: ಫಾಂಟ್ ಇರುವ ಈಗಿನ ಯಂತ್ರದಲ್ಲಿಯೇ ಪಿಡಿಎಫ್ ಮಾಡಿದ್ದು ಒಂದು, ಪರಿವರ್ತಕ ಬಳಸಿ ಯೂನಿಕೋಡ್‌ಗೆ ತಂದದ್ದು ಇನ್ನೊಂದು. ಪರಿವರ್ತಿಸಿದ ಮೇಲೆ ಒತ್ತಕ್ಷರ, ಅರ್ಕಾವತ್ತು, ಅಂಕಿಗಳನ್ನು ಕಣ್ಣಿಟ್ಟು ಓದಿ ನೋಡಿ. ತಪ್ಪುಗಳು ಹೆಚ್ಚಾಗಿ ಅಲ್ಲಿಯೇ ಸೇರಿಕೊಳ್ಳುತ್ತವೆ.

ಯೂನಿಕೋಡ್‌ನಲ್ಲಿಯೇ ಬರೆಯುವವರಿಗೆ ಭಯವಿಲ್ಲ. ನಿರ್ಮಲಾ ಫಾಂಟ್ ಎರಡೂ ವಿಂಡೋಸ್‌ಗಳ ಜೊತೆಗೇ ಬರುತ್ತದೆ. ಇನ್‌ಸ್ಕ್ರಿಪ್ಟ್ ಮತ್ತು ಫೊನೆಟಿಕ್ ಕನ್ನಡ ಕೀಲಿಮಣೆಗಳನ್ನು ಸೆಟ್ಟಿಂಗ್ಸ್‌ನ ಭಾಷೆಯ ವಿಭಾಗದಲ್ಲಿ ಸೇರಿಸಿಕೊಳ್ಳಬಹುದು. ಹಳೆಯ ದಾಖಲೆಗಳಲ್ಲಿ ತುಂಗಾ ಫಾಂಟ್ ಬಳಸಿದ್ದರೆ, ಐಚ್ಛಿಕ ಸೌಲಭ್ಯಗಳ ಪಟ್ಟಿಯಲ್ಲಿರುವ ಕನ್ನಡದ ಪೂರಕ ಫಾಂಟ್‌ಗಳನ್ನು ಸೇರಿಸಿಕೊಂಡರೆ ಅದು ಸಿಗುತ್ತದೆ.

ಮುದ್ರಣಾಲಯಗಳ ಪರಿಸ್ಥಿತಿ ಬೇರೆ. ಪುಟವಿನ್ಯಾಸದ ತಂತ್ರಾಂಶ ಪೇಜ್‌ಮೇಕರ್‌ನ ಕೊನೆಯ ದೊಡ್ಡ ಆವೃತ್ತಿ 7 ಬಂದದ್ದು 2001ರಲ್ಲಿ. ಹೊಸ ವಿಂಡೋಸ್‌ಗಳಿಗೆ ಅದನ್ನು ಹೊಂದಿಸುವ ಕೆಲಸವನ್ನು ತಯಾರಕರು ಕೈಬಿಟ್ಟು ಬಹಳ ಕಾಲವಾಗಿದೆ. ಪೇಜ್‌ಮೇಕರ್, ಹಳೆಯ ಫಾಂಟ್, ಡಾಂಗಲ್, ಹಳೆಯ ಲೇಸರ್ ಪ್ರಿಂಟರ್ ನಾಲ್ಕೂ ಸೇರಿ ನಡೆಯುತ್ತಿರುವ ಯಂತ್ರವಿದ್ದರೆ ಅದನ್ನು ಮುಟ್ಟಬೇಡಿ ಎನ್ನುತ್ತೇನೆ. ಅದರ ಇಂಟರ್ನೆಟ್ ತಂತಿ ಕಿತ್ತು, ವೈಫೈ ನಿಲ್ಲಿಸಿ, ಪುಟವಿನ್ಯಾಸಕ್ಕೆ ಮಾತ್ರ ಮೀಸಲಿಡಿ. ಇಮೇಲ್, ವಾಟ್ಸ್‌ಆ್ಯಪ್, ಬ್ಯಾಂಕ್ ಎಲ್ಲ ಬೇರೆ ಕಂಪ್ಯೂಟರ್‌ನಲ್ಲಿ ಇರಲಿ. ಕಡತ ಸಾಗಿಸುವ ಪೆನ್ ಡ್ರೈವ್ ಅನ್ನು ಮೊದಲು ಆ ಬೇರೆ ಕಂಪ್ಯೂಟರ್‌ನಲ್ಲಿ ಸ್ಕ್ಯಾನ್ ಮಾಡಿದ ಮೇಲೆಯೇ ಇದಕ್ಕೆ ಹಾಕಬೇಕು.

ಎರಡನೇ ಹೆಜ್ಜೆ: ಯಂತ್ರಕ್ಕೆ ಅರ್ಹತೆ ಇದೆಯೇ

ವಿಂಡೋಸ್ 11 ಕೇಳುವುದು ಕನಿಷ್ಠ 4 ಜಿಬಿ ರ‍್ಯಾಮ್, 64 ಜಿಬಿ ಸಂಗ್ರಹ, ಯುಇಎಫ್‌ಐ (ಕಂಪ್ಯೂಟರನ್ನು ಎಬ್ಬಿಸುವ ಹೊಸ ವಿಧಾನ) ಮತ್ತು ಸೆಕ್ಯೂರ್ ಬೂಟ್ (ಏಳುವಾಗ ನಂಬಿಕಸ್ಥ ತಂತ್ರಾಂಶಕ್ಕೆ ಮಾತ್ರ ಅವಕಾಶ ಕೊಡುವ) ಸೌಲಭ್ಯ, ಟಿಪಿಎಂ 2.0 ಎಂಬ ಭದ್ರತಾ ಘಟಕ ಮತ್ತು ಮೈಕ್ರೋಸಾಫ್ಟ್ ಒಪ್ಪಿದ ಪಟ್ಟಿಯಲ್ಲಿರುವ ಪ್ರೊಸೆಸರ್. ಬಹುತೇಕ ಯಂತ್ರಗಳು ಸೋಲುವುದು ಕೊನೆಯ ಎರಡರಲ್ಲಿ.

ಇಂಟೆಲ್ ಆಗಿದ್ದರೆ, ಕೆಲವು ಅಪವಾದಗಳನ್ನು ಬಿಟ್ಟು, 8ನೇ ತಲೆಮಾರು ಅಥವಾ ಆನಂತರದ್ದು ಬೇಕು. ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಮ್, ಅದರೊಳಗೆ ಅಬೌಟ್ ತೆರೆದರೆ ಪ್ರೊಸೆಸರ್ ಹೆಸರು ಕಾಣುತ್ತದೆ. ಐ5-7200 ಎಂದಿದ್ದರೆ 7ನೇ ತಲೆಮಾರು, ಐ5-8250 ಎಂದಿದ್ದರೆ 8ನೆಯದು, ಐ5-1135 ಎಂದಿದ್ದರೆ 11ನೆಯದು. ಎಎಂಡಿ ರೈಜನ್ ಆಗಿದ್ದರೆ 2000 ಸರಣಿಯಲ್ಲಿ ಕೆಲವಕ್ಕೆ ಅವಕಾಶವಿದೆ, ಕೆಲವಕ್ಕಿಲ್ಲ. ಲೆಕ್ಕ ಹಾಕುತ್ತಾ ಕೂರುವ ಬದಲು ಮೈಕ್ರೋಸಾಫ್ಟ್‌ನ ಪಿಸಿ ಹೆಲ್ತ್ ಚೆಕ್ ಎಂಬ ಉಚಿತ ತಂತ್ರಾಂಶ ಹಾಕಿ ಪರೀಕ್ಷಿಸಿ. ಯಾವ ಅಂಶದಲ್ಲಿ ಕೊರತೆ ಇದೆ ಎಂದು ಅದು ಬಿಡಿಸಿ ಹೇಳುತ್ತದೆ.

ಟಿಪಿಎಂ ಇಲ್ಲ ಎಂದು ಬಂದರೆ ತಕ್ಷಣ ನಿರಾಶರಾಗಬೇಡಿ. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಬಿಡಿಭಾಗ ಕೊಂಡು ಜೋಡಿಸಿದ ಡೆಸ್ಕ್‌ಟಾಪ್‌ಗಳಲ್ಲಿ ಟಿಪಿಎಂ ಪ್ರೊಸೆಸರ್‌ನೊಳಗೇ ಇದ್ದರೂ ಬಯೋಸ್‌ನಲ್ಲಿ, ಅಂದರೆ ಯಂತ್ರ ಏಳುವಾಗಿನ ಮೂಲ ಸೆಟ್ಟಿಂಗ್‌ಗಳಲ್ಲಿ, ಆಫ್ ಆಗಿರಬಹುದು. ಇಂಟೆಲ್ ಬೋರ್ಡ್‌ಗಳಲ್ಲಿ ಪಿಟಿಟಿ ಎಂದೂ ಎಎಂಡಿ ಬೋರ್ಡ್‌ಗಳಲ್ಲಿ ಎಫ್‌ಟಿಪಿಎಂ ಎಂದೂ ಅದರ ಹೆಸರು. ಅದನ್ನು ಆನ್ ಮಾಡಿದರೆ ಸಾಕು. ಯಂತ್ರ ಹಳೆಯ ಲೆಗಸಿ ಬಯೋಸ್ ವಿಧಾನದಲ್ಲಿ ನಡೆಯುತ್ತಿದ್ದರೆ ಮಾತ್ರ ನೀವೇ ಕೈ ಹಾಕಬೇಡಿ. ಡಿಸ್ಕ್‌ನ ವಿನ್ಯಾಸವನ್ನು ಎಂಬಿಆರ್‌ನಿಂದ ಜಿಪಿಟಿಗೆ ಬದಲಿಸದೆ ಯುಇಎಫ್‌ಐಗೆ ಹೋದರೆ ವಿಂಡೋಸ್ ಏಳುವುದೇ ಇಲ್ಲ. ಬಲ್ಲವರ ಕೈಯಲ್ಲಿ, ಬ್ಯಾಕಪ್ ಆದ ಮೇಲೆ ಮಾಡಿಸಿ.

4 ಜಿಬಿ ರ‍್ಯಾಮ್ ಸಾಕು ಎಂಬುದು ಕಾಗದದ ಮೇಲಿನ ಮಾತು. ಬ್ರೌಸರ್‌ನಲ್ಲಿ ನಾಲ್ಕು ಪುಟ ತೆರೆದರೆ ಆ ಯಂತ್ರ ಏದುಸಿರು ಬಿಡುತ್ತದೆ. 8 ಜಿಬಿ ಇರಲಿ. ಅದಕ್ಕಿಂತ ಮುಖ್ಯವಾದದ್ದು ಡಿಸ್ಕ್. ತಿರುಗುವ ಹಾರ್ಡ್ ಡಿಸ್ಕ್ ಇರುವ ಲ್ಯಾಪ್‌ಟಾಪ್‌ಗೆ ವಿಂಡೋಸ್ 11 ಹಾಕಿ, ಆಮೇಲೆ ಹೊಸ ವಿಂಡೋಸ್ ನಿಧಾನ ಎಂದು ಬೈಯುವುದರಲ್ಲಿ ಅರ್ಥವಿಲ್ಲ. ಮೊದಲು ತಿರುಗುವ ಭಾಗವಿಲ್ಲದ ವೇಗದ ಡಿಸ್ಕ್ ಆದ ಎಸ್‌ಎಸ್‌ಡಿ ಹಾಕಿಸಿ. ಹೊಸ ಲ್ಯಾಪ್‌ಟಾಪ್‌ನ ಬೆಲೆಯ ಸಣ್ಣ ಪಾಲಿನಲ್ಲಿ ಆಗುವ ಈ ಕೆಲಸ ಹಳೆಯ ಯಂತ್ರಕ್ಕೆ ಇನ್ನಷ್ಟು ವರ್ಷ ಆಯಸ್ಸು ಕೊಡುತ್ತದೆ.

ಮೂರನೇ ಹೆಜ್ಜೆ: ದಾರಿ ಆರಿಸುವುದು

ಯಂತ್ರ ಪರೀಕ್ಷೆಯಲ್ಲಿ ಪಾಸಾಗಿ, ಪಟ್ಟಿಯ ಸಾಧನಗಳಿಗೆಲ್ಲ ಡ್ರೈವರ್ ಸಿಕ್ಕಿದ್ದರೆ ವಿಂಡೋಸ್ 11ಕ್ಕೆ ಹೋಗಿ. ತಡ ಮಾಡುವುದರಿಂದ ಲಾಭವಿಲ್ಲ. ನಿಮ್ಮ ವಿಂಡೋಸ್ 10 ಅಸಲಿ ಲೈಸೆನ್ಸ್‌ನದ್ದಾಗಿದ್ದರೆ ಇದು ಉಚಿತ. ಯಾರಿಗೂ ಲೈಸೆನ್ಸ್‌ನ ಹಣ ಕೊಡಬೇಕಾಗಿಲ್ಲ. ಸೆಟ್ಟಿಂಗ್ಸ್‌ನ ಆ್ಯಕ್ಟಿವೇಶನ್ ಪುಟದಲ್ಲಿ ಲೈಸೆನ್ಸ್ ಸ್ಥಿತಿ ಕಾಣುತ್ತದೆ. ಕಳ್ಳ ಆ್ಯಕ್ಟಿವೇಟರ್ ಬಳಸಿ ಹಾಕಿಕೊಡುವ ವಿಂಡೋಸ್ ಅನ್ನು ಬ್ಯಾಂಕ್ ವ್ಯವಹಾರ ನಡೆಯುವ ಯಂತ್ರಕ್ಕೆ ಹತ್ತಿರವೂ ಬಿಡಬೇಡಿ. ಅಂಥ ಉಪಕರಣಗಳು ಕೆಲಸ ಮಾಡಲು ಆಂಟಿವೈರಸ್ ನಿಲ್ಲಿಸುವಂತೆ ಕೇಳುತ್ತವೆ. ಹಾಗೆ ಕೇಳುವುದೇ ಅದನ್ನು ದೂರವಿಡಲು ಸಾಕಷ್ಟು ಕಾರಣ.

ಯಂತ್ರ ಪಾಸಾಗದಿದ್ದರೆ, ಅಥವಾ ಪ್ರಿಂಟರ್ ಬದಲಿಸಲು ಸಮಯ ಬೇಕಿದ್ದರೆ, ವಿಂಡೋಸ್ 10ರಲ್ಲಿಯೇ ಭದ್ರತಾ ಅಪ್‌ಡೇಟ್‌ಗಳನ್ನು ಮುಂದುವರಿಸುವ ಇಎಸ್‌ಯು ಯೋಜನೆ ಇದೆ. ಮನೆಬಳಕೆದಾರರಿಗೆ ಅದು ಘೋಷಣೆಯಾದದ್ದು 2026ರ ಅಕ್ಟೋಬರ್ 13ರವರೆಗೆ. ಸೇರಲು ಮೂರು ದಾರಿ: ಮೈಕ್ರೋಸಾಫ್ಟ್ ಖಾತೆಯಿಂದ ಒಳಬಂದು ವಿಂಡೋಸ್ ಬ್ಯಾಕಪ್ ಮೂಲಕ ಸೆಟ್ಟಿಂಗ್‌ಗಳನ್ನು ಸಿಂಕ್ ಮಾಡಿದರೆ ಉಚಿತ, ಮೈಕ್ರೋಸಾಫ್ಟ್ ರಿವಾರ್ಡ್ಸ್‌ನ 1000 ಅಂಕ ಕೊಡಬಹುದು, ಇಲ್ಲವೇ 30 ಡಾಲರ್ ಅಥವಾ ಅದಕ್ಕೆ ಸಮನಾದ ಸ್ಥಳೀಯ ಹಣ. ಒಮ್ಮೆ ಪಡೆದದ್ದನ್ನು ಅದೇ ಖಾತೆಯಡಿ ಹತ್ತು ಕಂಪ್ಯೂಟರ್‌ಗಳವರೆಗೆ ಬಳಸಬಹುದು. ವಿಂಡೋಸ್ 10ರ ಆವೃತ್ತಿ 22ಎಚ್2 ಆಗಿರಬೇಕು. ವಿಂಡೋಸ್ ಅಪ್‌ಡೇಟ್ ಪುಟದಲ್ಲಿಯೇ ಸೇರುವ ಕೊಂಡಿ ಕಾಣುತ್ತದೆ. ಶಾಲೆ, ಕಾಲೇಜುಗಳ ಲ್ಯಾಬ್ ನೋಡಿಕೊಳ್ಳುವವರು ಇನ್ನೊಂದನ್ನು ತಿಳಿದಿರಬೇಕು: ಶಿಕ್ಷಣ ಸಂಸ್ಥೆಗಳಿಗೆ ಇದೇ ಯೋಜನೆ ಮೊದಲ ವರ್ಷಕ್ಕೆ ಯಂತ್ರವೊಂದಕ್ಕೆ 1 ಡಾಲರ್, ಎರಡನೇ ವರ್ಷಕ್ಕೆ 2, ಮೂರನೆಯದಕ್ಕೆ 4 ಡಾಲರ್ ದರದಲ್ಲಿ ಸಿಗುತ್ತದೆ. ಮೂವತ್ತು ಕಂಪ್ಯೂಟರ್‌ಗಳ ಲ್ಯಾಬನ್ನು ಒಂದೇ ಏಟಿಗೆ ಬದಲಿಸಲಾಗದ ಶಾಲೆಗೆ ಇದು ದೊಡ್ಡ ಆಸರೆ.

ಪರೀಕ್ಷೆಯಲ್ಲಿ ಫೇಲಾದ ಯಂತ್ರಕ್ಕೂ ಅಡ್ಡದಾರಿಯಲ್ಲಿ ವಿಂಡೋಸ್ 11 ಹಾಕಿಕೊಡುವವರು ಇದ್ದಾರೆ. ತಾಂತ್ರಿಕವಾಗಿ ಅದು ಸಾಧ್ಯ. ಆದರೆ ಅಂಥ ಯಂತ್ರಗಳಿಗೆ ಅಪ್‌ಡೇಟ್‌ಗಳ ಖಾತರಿ ಇಲ್ಲವೆಂದು ಮೈಕ್ರೋಸಾಫ್ಟ್ ಸ್ಪಷ್ಟವಾಗಿ ಹೇಳಿದೆ. ನಾವು ಬದಲಾವಣೆಗೆ ಹೊರಟದ್ದೇ ಅಪ್‌ಡೇಟ್‌ಗಾಗಿ. ತಂತ್ರಜ್ಞಾನ ಬಲ್ಲ ಹುಡುಗರು ತಮ್ಮ ಯಂತ್ರದಲ್ಲಿ ಪ್ರಯೋಗ ಮಾಡಲಿ. ಅಮ್ಮನ ಪಿಂಚಣಿ ಖಾತೆ ನೋಡುವ ಕಂಪ್ಯೂಟರ್‌ನಲ್ಲಿ ಬೇಡ.

ಆ ಯಂತ್ರಗಳಿಗೆ ನಾನು ಮನಸಾರೆ ಸೂಚಿಸುವುದು ವಿಂಡೋಸ್ ಬದಲು ಹಾಕಬಹುದಾದ ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್. ಅದರ ರೂಪಗಳಾದ ಲಿನಕ್ಸ್ ಮಿಂಟ್ 22ಕ್ಕೂ ಉಬುಂಟು 24.04ಕ್ಕೂ 2029ರವರೆಗೆ ಬೆಂಬಲವಿದೆ, ಎರಡೂ ಉಚಿತ. ಪೆನ್ ಡ್ರೈವ್‌ನಿಂದಲೇ ಅದನ್ನು ನಡೆಸಿ, ಈಗಿರುವ ವಿಂಡೋಸ್ ಅನ್ನು ಮುಟ್ಟದೆ, ವೈಫೈ, ಧ್ವನಿ, ಪ್ರಿಂಟರ್ ಕೆಲಸ ಮಾಡುತ್ತವೆಯೇ ಎಂದು ನೋಡಬಹುದು. ಬ್ರೌಸರ್, ಲಿಬ್ರೆ ಆಫೀಸ್, ವಿಡಿಯೊ ಕರೆಗಳಿಗೆ ಅದು ಧಾರಾಳವಾಗಿ ಸಾಕು. ನುಡಿಯ ವಿನ್ಯಾಸಕ್ಕೆ ಕೈ ಒಗ್ಗಿರುವವರಿಗೆ ಕಗಪ ಕೀಲಿಮಣೆ ಕೀಬೋರ್ಡ್ ಪಟ್ಟಿಯಲ್ಲಿಯೇ ಸಿಗುತ್ತದೆ. ಪೆನ್ ಡ್ರೈವ್‌ಗೆ ನಕಲಿಸಿಟ್ಟ ಹಳೆಯ ಕನ್ನಡ ಫಾಂಟ್‌ಗಳನ್ನೂ ಇದರಲ್ಲಿ ಸೇರಿಸಬಹುದು. ಟ್ಯಾಲಿ ಮತ್ತು ಡಿಜಿಟಲ್ ಸಹಿಯ ಟೋಕನ್ ಅವಲಂಬಿಸಿದವರಿಗೆ ಮಾತ್ರ ಈ ದಾರಿ ಹೊಂದುವುದಿಲ್ಲ. ಅವರು ಇಎಸ್‌ಯು ತೆಗೆದುಕೊಂಡು, ಆ ಅವಧಿಯಲ್ಲಿ ಹೊಸ ಯಂತ್ರಕ್ಕೆ ಹಣ ಹೊಂದಿಸಿಕೊಳ್ಳುವುದು ಲೇಸು.

ಹೋಗುವುದೆಂದು ತೀರ್ಮಾನಿಸಿದ ಮೇಲೆ

ದಿನವನ್ನು ಎಚ್ಚರದಿಂದ ಆರಿಸಿ. ಪ್ರತಿ ತಿಂಗಳು ಜಿಎಸ್‌ಟಿ ವಿವರ ಸಲ್ಲಿಸುವವರಿಗೆ 11 ಮತ್ತು 20ನೇ ತಾರೀಖಿನ ಆಸುಪಾಸು ಬೇಡ, ಲೆಕ್ಕಪತ್ರದವರಿಗೆ ಮಾರ್ಚ್ ಕೊನೆ ಬೇಡ, ಶಾಲೆಯವರಿಗೆ ಪರೀಕ್ಷೆಯ ಕಾಲ ಬೇಡ.

ಬ್ಯಾಕಪ್ ಬೇರೆ ಹಾರ್ಡ್ ಡಿಸ್ಕ್‌ಗೆ ಆಗಬೇಕು. ಸಿ ಡ್ರೈವ್‌ನಿಂದ ಡಿ ಡ್ರೈವ್‌ಗೆ ಹಾಕಿದ್ದು ಬ್ಯಾಕಪ್ ಅಲ್ಲ, ಎರಡೂ ಒಂದೇ ಡಿಸ್ಕ್‌ನ ಭಾಗಗಳಾಗಿರಬಹುದು. ನಕಲು ಮುಗಿದ ಮೇಲೆ ಇನ್ನೊಂದು ಕಂಪ್ಯೂಟರ್‌ನಲ್ಲಿ ನಾಲ್ಕಾರು ಕಡತ ತೆರೆದು ನೋಡಿ. ಟ್ಯಾಲಿಯ ಡೇಟಾ ಫೋಲ್ಡರ್, ಬ್ರೌಸರ್‌ನಲ್ಲಿ ಉಳಿಸಿದ ಪಾಸ್‌ವರ್ಡ್‌ಗಳು, ಔಟ್‌ಲುಕ್‌ನ ಅಂಚೆ ಕಡತ ಮರೆಯುವುದು ಸುಲಭ.

ಡಿಸ್ಕ್‌ಗೆ ಬೀಗ ಹಾಕುವ ಬಿಟ್‌ಲಾಕರ್ ಅಥವಾ ಡಿವೈಸ್ ಎನ್‌ಕ್ರಿಪ್ಷನ್ ಆನ್ ಆಗಿದ್ದರೆ ಅದರ 48 ಅಂಕಿಗಳ ರಿಕವರಿ ಕೀಲಿಯನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಬಯೋಸ್‌ನಲ್ಲಿ ಟಿಪಿಎಂ ಬದಲಿಸುವ ಮೊದಲೇ ಇದು ಆಗಬೇಕು. ಆ ಕೀಲಿ ಇಲ್ಲದೆ ಡಿಸ್ಕ್ ತೆರೆಯಲು ಮೈಕ್ರೋಸಾಫ್ಟ್‌ನವರಿಗೂ ಸಾಧ್ಯವಿಲ್ಲ. ಎಷ್ಟೋ ಮನೆಗಳಲ್ಲಿ ಲ್ಯಾಪ್‌ಟಾಪ್ ಕೊಂಡ ದಿನ ಅಂಗಡಿಯವರು ಯಾವುದೋ ಇಮೇಲ್ ಬಳಸಿ ಮೈಕ್ರೋಸಾಫ್ಟ್ ಖಾತೆ ತೆರೆದಿರುತ್ತಾರೆ, ಕೀಲಿ ಆ ಖಾತೆಯಲ್ಲಿ ಉಳಿದಿರುತ್ತದೆ. ಖಾತೆ ಯಾವುದು, ಅದರ ಪಾಸ್‌ವರ್ಡ್ ಯಾರ ಬಳಿ ಇದೆ ಎಂಬುದನ್ನು ಮೊದಲು ಪತ್ತೆ ಮಾಡಿ.

ಆಮೇಲೆ ವಿಂಡೋಸ್ ಅಪ್‌ಡೇಟ್ ಪುಟದಿಂದಲೇ ಅಪ್‌ಗ್ರೇಡ್ ಆರಂಭಿಸಿ. ಸಿ ಡ್ರೈವ್‌ನಲ್ಲಿ ಧಾರಾಳವಾಗಿ ಖಾಲಿ ಜಾಗ ಇರಲಿ. ಹಲವು ಜಿಬಿ ಡೌನ್‌ಲೋಡ್ ಆಗುವುದರಿಂದ ಮೊಬೈಲ್ ಹಾಟ್‌ಸ್ಪಾಟ್ ನಂಬಬೇಡಿ. ಲ್ಯಾಪ್‌ಟಾಪ್‌ಗೆ ಚಾರ್ಜರ್ ಚುಚ್ಚಿರಲಿ. ಡೆಸ್ಕ್‌ಟಾಪ್ ಆದರೆ ಯುಪಿಎಸ್ ಬೇಕೇ ಬೇಕು. ಲೋಡ್ ಶೆಡ್ಡಿಂಗ್ ಇರುವ ಊರಿನಲ್ಲಿ ವಿದ್ಯುತ್ ವೇಳಾಪಟ್ಟಿ ನೋಡಿಕೊಂಡು ಕೂರಿ. ನಡುವೆ ಹಲವು ಬಾರಿ ರೀಸ್ಟಾರ್ಟ್ ಆಗುತ್ತದೆ, ಪರದೆ ಬಹಳ ಹೊತ್ತು ಕಪ್ಪಾಗಿ ನಿಲ್ಲುವುದೂ ಉಂಟು. ಪವರ್ ಬಟನ್ ಒತ್ತಬೇಡಿ.

ಮುಗಿದ ಮೇಲೆ ಮೊದಲ ಹೆಜ್ಜೆಯ ಕಾಗದ ಮತ್ತೆ ಕೈಗೆ ಬರಲಿ. ಅದರಲ್ಲಿರುವ ಪ್ರತಿಯೊಂದು ಕೆಲಸವನ್ನೂ ನಿಜವಾಗಿ ಮಾಡಿ ನೋಡಿ: ಒಂದು ಪ್ರಿಂಟ್, ಒಂದು ಸ್ಕ್ಯಾನ್, ಟೋಕನ್‌ನಿಂದ ಒಂದು ಸಹಿ, ನುಡಿಯ ಒಂದು ಹಳೆಯ ಕಡತ. ಮನೆಯ ಹಿರಿಯರು ಬಳಸುವ ಯಂತ್ರವಾದರೆ ಟಾಸ್ಕ್‌ಬಾರ್ ಸೆಟ್ಟಿಂಗ್‌ನಲ್ಲಿ ಸ್ಟಾರ್ಟ್ ಬಟನ್ ಅನ್ನು ಎಡಕ್ಕೆ ಸರಿಸಿ. ಬಲ ಕ್ಲಿಕ್ ಮಾಡಿದಾಗ ಹಳೆಯ ಆಯ್ಕೆಗಳು ಕಾಣದಿದ್ದರೆ ಪಟ್ಟಿಯ ಕೊನೆಯ ಸಾಲು ಒತ್ತಬೇಕೆಂದು ತೋರಿಸಿಕೊಡಿ. ಅವರ ಅರ್ಧ ತೊಂದರೆ ಇಷ್ಟರಲ್ಲೇ ನೀಗುತ್ತದೆ.

ಯಾವುದಾದರೂ ಮುಖ್ಯ ಕೆಲಸ ನಡೆಯದಿದ್ದರೆ ಹಿಂತಿರುಗಲು 10 ದಿನಗಳ ಅವಕಾಶವಿದೆ. ಸೆಟ್ಟಿಂಗ್ಸ್, ಸಿಸ್ಟಮ್, ರಿಕವರಿ ಎಂಬಲ್ಲಿ ಗೋ ಬ್ಯಾಕ್ ಒತ್ತಿದರೆ ಹಳೆಯ ವಿಂಡೋಸ್ 10 ಮರಳುತ್ತದೆ. ನಿಮ್ಮ ಕಡತಗಳು ಉಳಿಯುತ್ತವೆ, ನಡುವೆ ಹಾಕಿಕೊಂಡ ತಂತ್ರಾಂಶಗಳು ಹೋಗುತ್ತವೆ. ಆ 10 ದಿನಗಳಲ್ಲಿ ಜಾಗ ಉಳಿಸಲೆಂದು ಡಿಸ್ಕ್ ಕ್ಲೀನಪ್ ನಡೆಸಿ ಹಿಂದಿನ ವಿಂಡೋಸ್‌ನ ಫೋಲ್ಡರ್ ಅಳಿಸಬೇಡಿ. ಅವಧಿ ಮುಗಿದ ಮೇಲೆ ವಿಂಡೋಸ್ ಅದನ್ನು ತಾನೇ ತೆಗೆದುಹಾಕುತ್ತದೆ.